ಮತಕ್ಕೇ ಬಾರದ ಹೆಸರುಗಳು

ವಾಷಿಂಗ್ಟನ್ನಿನ ಡಿ.ಸಿ. ಸರ್ಕಿಟ್ ಮೇಲ್ಮನವಿ ನ್ಯಾಯಾಲಯದಲ್ಲಿ ಜೇಮ್ಸ್ ಬಕ್ಲಿ ಎಂಬ ನ್ಯಾಯಮೂರ್ತಿ 1996ರಲ್ಲಿ ಪೂರ್ಣಾವಧಿ ಹೊಣೆಯಿಂದ ಬಿಡುಗಡೆ ಪಡೆದರು. ತೆರವಾದ ಸ್ಥಾನಕ್ಕೆ ಅಧ್ಯಕ್ಷ ಬಿಲ್ ಕ್ಲಿಂಟನ್ 1999ರಲ್ಲಿ ಎಲೆನಾ ಕೇಗನ್ ಹೆಸರು ಸೂಚಿಸಿದರು. ಸೆನೆಟ್ ಆಗ ರಿಪಬ್ಲಿಕನ್ನರ ಕೈಯಲ್ಲಿತ್ತು. ನ್ಯಾಯಾಂಗ ಸಮಿತಿ ಕೇಗನ್ ಅವರನ್ನು ಕರೆದು ಪ್ರಶ್ನಿಸಲಿಲ್ಲ, ಅವರು ಅನರ್ಹರೆಂದು ಹೇಳಲೂ ಇಲ್ಲ. ಕ್ಲಿಂಟನ್ ಅವಧಿ ಮುಗಿಯಿತು, ಹೆಸರೂ ಬಿದ್ದುಹೋಯಿತು. ಮುಂದೆ ಬಂದ ಜಾರ್ಜ್ ಡಬ್ಲ್ಯು. ಬುಷ್ ಅದೇ ಸ್ಥಾನಕ್ಕೆ ಜಾನ್ ರಾಬರ್ಟ್ಸ್ ಅವರನ್ನು ಸೂಚಿಸಿದರು. ಅವರು ಅಲ್ಲಿ ಕುಳಿತಿದ್ದು 2003ರಲ್ಲಿ. ರಾಬರ್ಟ್ಸ್ ಅವರಿಗೂ ಇಂಥ ತಡೆ ಹೊಸದಾಗಿರಲಿಲ್ಲ. 1992ರಲ್ಲಿ ಹಿರಿಯ ಬುಷ್ ರಾಬರ್ಟ್ಸ್ ಅವರನ್ನು ಇದೇ ನ್ಯಾಯಾಲಯಕ್ಕೆ ಸೂಚಿಸಿದ್ದಾಗ ಡೆಮಾಕ್ರಟರ ಹಿಡಿತದಲ್ಲಿದ್ದ ಸೆನೆಟ್ ಆ ಹೆಸರನ್ನು ಮತಕ್ಕೆ ತರದೆ ಸುಮ್ಮನೆ ಬಿಟ್ಟಿತ್ತು. ಇಂದು ರಾಬರ್ಟ್ಸ್ ಅಮೆರಿಕದ ಮುಖ್ಯ ನ್ಯಾಯಮೂರ್ತಿ, ಕೇಗನ್ ಅದೇ ಸುಪ್ರೀಂ ಕೋರ್ಟಿನಲ್ಲಿ ಅವರ ಜೊತೆ ಕೂರುವವರು. ದೇಶದ ಅತ್ಯುನ್ನತ ಪೀಠಕ್ಕೆ ಸಲ್ಲುವ ಇಬ್ಬರೂ ಒಂದು ಕಾಲಕ್ಕೆ ಕೆಳಗಿನ ಪೀಠಕ್ಕೆ ಸಲ್ಲದೆ ಹೋದರು. ಅವರ ಅರ್ಹತೆಯನ್ನು ಯಾರೂ ತೂಗಿ ನೋಡಿರಲೇ ಇಲ್ಲ. ಆ ಒಂದು ಸ್ಥಾನ ಹೆಚ್ಚುಕಡಿಮೆ ಏಳು ವರ್ಷ ಖಾಲಿ ಉಳಿಯಿತು.

ಅಮೆರಿಕದಲ್ಲಿ ನ್ಯಾಯಮೂರ್ತಿಗಳ ನೇಮಕದ ಜಗಳ ನಮ್ಮ ಪತ್ರಿಕೆಗಳಿಗೆ ಸುದ್ದಿಯಾಗುವುದು ಸುಪ್ರೀಂ ಕೋರ್ಟಿನ ಒಂಬತ್ತರಲ್ಲಿ ಒಂದು ಸ್ಥಾನ ಖಾಲಿಯಾದಾಗ. ಹಾನಿಯ ದೊಡ್ಡ ಪಾಲು ಆಗುವುದು ಮಾತ್ರ ಅದಕ್ಕಿಂತ ಕೆಳಗೆ, ಹೆಸರು ಕೇಳದ ಜಿಲ್ಲಾ ನ್ಯಾಯಾಲಯಗಳಲ್ಲಿ, ಮೇಲ್ಮನವಿ ಪೀಠಗಳಲ್ಲಿ. ಆಜೀವ ಅವಧಿಯ ಸುಮಾರು 870 ಫೆಡರಲ್ ನ್ಯಾಯಮೂರ್ತಿ ಹುದ್ದೆಗಳು ಅಲ್ಲಿವೆ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ಸಂವಿಧಾನ ಹೇಳುವುದು ಇಷ್ಟೇ. ಎಷ್ಟು ದಿನದೊಳಗೆ ಒಪ್ಪಬೇಕು ಅಥವಾ ತಿರಸ್ಕರಿಸಬೇಕು ಎಂಬುದನ್ನು ಅದು ಹೇಳಿಲ್ಲ. ಎರಡೂ ಪಕ್ಷಗಳು ದಶಕಗಳಿಂದ ಬಳಸಿಕೊಂಡು ಬಂದಿರುವುದು ಈ ಸಂದನ್ನೇ.

ಹೆಸರೊಂದು ಸೆನೆಟ್ ತಲುಪಿದ ಮೇಲೆ ನಡೆಯುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲು ಅದು ನ್ಯಾಯಾಂಗ ಸಮಿತಿಗೆ ಹೋಗುತ್ತದೆ. ಆ ನ್ಯಾಯಾಲಯ ಇರುವ ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ ಸಮಿತಿ ಒಂದು ನೀಲಿ ಚೀಟಿ ಕಳಿಸುತ್ತದೆ. ‘ಬ್ಲೂ ಸ್ಲಿಪ್’ ಎಂದೇ ಹೆಸರಾದ ಈ ಪದ್ಧತಿಗೆ ನೂರು ವರ್ಷ ದಾಟಿದೆ. ಚೀಟಿ ಹಿಂತಿರುಗದಿದ್ದರೆ ಏನಾಗುತ್ತದೆ ಎಂಬುದು ಸಮಿತಿಯ ಅಧ್ಯಕ್ಷರ ಮರ್ಜಿ. ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್ 1956ರಿಂದ 1978ರವರೆಗೆ ಆ ಕುರ್ಚಿಯಲ್ಲಿದ್ದಾಗ ಒಬ್ಬ ಸೆನೆಟರ್ ಚೀಟಿ ಇಟ್ಟುಕೊಂಡರೂ ಹೆಸರು ಅಲ್ಲೇ ನಿಂತುಬಿಡುತ್ತಿತ್ತು. ಈಸ್ಟ್‌ಲ್ಯಾಂಡ್ ವರ್ಣಭೇದದ ಕಟ್ಟಾ ಬೆಂಬಲಿಗ. ಕರಿಯರ ಹಕ್ಕುಗಳ ಮೊಕದ್ದಮೆಗಳು ದಕ್ಷಿಣದ ರಾಜ್ಯಗಳ ಕೋರ್ಟುಗಳಲ್ಲಿ ತುಂಬಿಕೊಂಡಿದ್ದ ಕಾಲದಲ್ಲಿ ಅಲ್ಲಿನ ಸೆನೆಟರ್‌ಗಳ ಕೈಗೆ ಇಂಥ ಬೀಗದ ಕೈ ಸಿಕ್ಕಿತ್ತು. ಮೇಲ್ಮನವಿ ಪೀಠಗಳ ಮಟ್ಟಿಗೆ ಈ ಬೀಗವನ್ನು ರಿಪಬ್ಲಿಕನ್ನರು ಡೊನಾಲ್ಡ್ ಟ್ರಂಪ್ ಅವರ ಮೊದಲ ಅವಧಿಯಲ್ಲಿ ತೆಗೆದುಹಾಕಿದರು. ಜಿಲ್ಲಾ ನ್ಯಾಯಾಲಯಗಳಿಗೆ ಅದು ಈಗಲೂ ಇದೆ.

ಸಮಿತಿ ದಾಟಿದ ಹೆಸರು ಪೂರ್ಣ ಸದನಕ್ಕೆ ಬರುತ್ತದೆ. ಇಲ್ಲಿದ್ದದ್ದು ಫಿಲಿಬಸ್ಟರ್. ಚರ್ಚೆ ಮುಗಿಸಲು ನೂರರಲ್ಲಿ ಅರವತ್ತು ಮತ ಬೇಕಿತ್ತು. ಅಷ್ಟು ಸಿಗದಿದ್ದರೆ ಚರ್ಚೆ ಮುಗಿಯುತ್ತಿರಲಿಲ್ಲ, ಮತದಾನವೂ ಆಗುತ್ತಿರಲಿಲ್ಲ. ಅರವತ್ತು ಸಿಕ್ಕರೂ ಇನ್ನೂ ಮೂವತ್ತು ಗಂಟೆ ಚರ್ಚೆಗೆ ಅವಕಾಶ ಕೊಡಬೇಕಿತ್ತು. ಈ ಮೂವತ್ತು ಗಂಟೆಯನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕು, ಯಾಕೆಂದರೆ ಆಟದ ಒಳಗುಟ್ಟು ಅಲ್ಲಿದೆ. ಸೆನೆಟ್ ವಾರಕ್ಕೆ ಕೆಲವೇ ದಿನ ಕೂರುತ್ತದೆ. ಬಜೆಟ್, ಆರೋಗ್ಯ ವಿಮೆ, ವಿದೇಶ ಒಪ್ಪಂದ ಎಲ್ಲಕ್ಕೂ ಅದೇ ಸಮಯ. ಯಾರಿಗೂ ಬೇಡವೆನಿಸದ ಒಬ್ಬ ಜಿಲ್ಲಾ ನ್ಯಾಯಾಧೀಶರ ಹೆಸರಿಗೂ ಮೂವತ್ತು ಗಂಟೆ ಎಳೆದರೆ ಆಳುವ ಪಕ್ಷದ ಒಂದು ವಾರದ ಕೆಲಸ ಕೈಬಿಟ್ಟಂತೆ ಆಗುತ್ತಿತ್ತು. ಬಹುಮತದ ನಾಯಕ ಲೆಕ್ಕ ಹಾಕುತ್ತಿದ್ದ: ಈ ವಾರ ಮಸೂದೆಯೋ ನ್ಯಾಯಾಧೀಶರೋ? ಬಹಳ ಸಲ ಮಸೂದೆ ಗೆಲ್ಲುತ್ತಿತ್ತು.

ಇದಕ್ಕೆ 2010ರ ಬಾರ್ಬರಾ ಕೀನನ್ ಪ್ರಕರಣಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ವರ್ಜೀನಿಯಾದ ಈ ನ್ಯಾಯಮೂರ್ತಿಯನ್ನು ಬರಾಕ್ ಒಬಾಮಾ 2009ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಪೀಠಕ್ಕೆ ಸೂಚಿಸಿದರು. ತಿಂಗಳುಗಟ್ಟಲೆ ಕಾದು, ಚರ್ಚೆ ಮುಗಿಸುವ ನಿರ್ಣಯವನ್ನೂ ಮತಕ್ಕೆ ಹಾಕಿ, ಕೊನೆಗೆ ಮಾರ್ಚ್‌ನಲ್ಲಿ ಅನುಮೋದನೆ ಸಿಕ್ಕಾಗ ಪರವಾಗಿ ಬಿದ್ದ ಮತ 99, ವಿರೋಧ ಸೊನ್ನೆ. ಒಬ್ಬರೂ ವಿರೋಧಿಸದ ಹೆಸರನ್ನು ಅಷ್ಟು ಕಾಲ ತಡೆದದ್ದು ಯಾಕೆ? ಓಕ್ಲಹೋಮಾದ ರಾಬರ್ಟ್ ಬಾಕರಾಕ್ ಅವರದು ಇನ್ನೊಂದು. ಅವರ ರಾಜ್ಯದ ಇಬ್ಬರು ರಿಪಬ್ಲಿಕನ್ ಸೆನೆಟರ್‌ಗಳೂ ಅವರನ್ನು ಮೆಚ್ಚಿದ್ದರು. 2012 ಚುನಾವಣೆಯ ವರ್ಷವೆಂಬ ಕಾರಣಕ್ಕೆ ಅದೇ ಪಕ್ಷ ಅವರಿಗೆ ಅರವತ್ತು ಮತ ಸಿಗದಂತೆ ನೋಡಿಕೊಂಡಿತು. ಚುನಾವಣೆ ಮುಗಿದ ಮೇಲೆ, 2013ರ ಫೆಬ್ರುವರಿಯಲ್ಲಿ, ಅವರು 93–0 ಮತಗಳಿಂದ ಗೆದ್ದರು. ಅಭ್ಯರ್ಥಿಯಲ್ಲಿ ಏನೂ ಬದಲಾಗಿರಲಿಲ್ಲ. ಕ್ಯಾಲೆಂಡರ್ ಬದಲಾಗಿತ್ತು.

ಒಂದು ಹೆಸರನ್ನು ವಿರೋಧಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆಜೀವ ಹುದ್ದೆ ಅದು. ಅಧ್ಯಕ್ಷರು ಕೊಟ್ಟ ಹೆಸರಿಗೆಲ್ಲ ಮುದ್ರೆ ಒತ್ತುವುದಾದರೆ ಸೆನೆಟ್ ಯಾಕೆ ಬೇಕು? 1987ರಲ್ಲಿ ರೊನಾಲ್ಡ್ ರೇಗನ್ ಸುಪ್ರೀಂ ಕೋರ್ಟಿಗೆ ಸೂಚಿಸಿದ ರಾಬರ್ಟ್ ಬೋರ್ಕ್ ಅವರನ್ನು ಸಮಿತಿ ದಿನಗಟ್ಟಲೆ ಪ್ರಶ್ನಿಸಿತು. ನಾಗರಿಕ ಹಕ್ಕು, ಖಾಸಗಿತನ, ಸಂವಿಧಾನವನ್ನು ಓದುವ ಬಗೆ ಎಲ್ಲದರ ಮೇಲೂ ಅವರು ಟಿ.ವಿ. ಕ್ಯಾಮೆರಾಗಳ ಎದುರು ಉತ್ತರ ಕೊಟ್ಟರು. ಪೂರ್ಣ ಸದನ 42–58ರಿಂದ ತಿರಸ್ಕರಿಸಿತು. ಸಂಪ್ರದಾಯವಾದಿಗಳಲ್ಲಿ ಆ ಸೋಲಿನ ಉರಿ ಇನ್ನೂ ಆರಿಲ್ಲ, ಮುಂದಿನ ಎಷ್ಟೋ ಜಗಳಗಳಿಗೆ ಅದೇ ನೆಪವಾಯಿತು. ಆದರೆ ಬೋರ್ಕ್ ಅವರಿಗೆ ಮಾತನಾಡಲು ಅವಕಾಶ ಸಿಕ್ಕಿತು, ಪ್ರತಿಯೊಬ್ಬ ಸೆನೆಟರ್ ಯಾವ ಕಡೆ ನಿಂತರೆಂಬುದು ದಾಖಲಾಯಿತು, ಮತದಾರರು ಬೇಕಾದರೆ ಅದಕ್ಕೆ ಲೆಕ್ಕ ಕೇಳಬಹುದಿತ್ತು. ಮತಕ್ಕೇ ಬಾರದ ಹೆಸರಿನ ವಿಷಯದಲ್ಲಿ ಲೆಕ್ಕ ಕೇಳಲು ಯಾರೂ ಸಿಗುವುದಿಲ್ಲ. ನಾನು ಆಕ್ಷೇಪಿಸುವುದು ಇದನ್ನು.

ಯಾರು ಮೊದಲು ಶುರು ಮಾಡಿದರು ಎಂದು ಕೇಳಿದರೆ ಎರಡೂ ಪಕ್ಷಗಳ ಬಳಿ ಉದ್ದನೆಯ ಪಟ್ಟಿ ಇದೆ, ಎರಡೂ ನಿಜ. 1968ರಲ್ಲಿ ಲಿಂಡನ್ ಜಾನ್ಸನ್ ಮುಖ್ಯ ನ್ಯಾಯಮೂರ್ತಿಯಾಗಿ ಸೂಚಿಸಿದ ಏಬ್ ಫೋರ್ಟಸ್ ಫಿಲಿಬಸ್ಟರ್‌ಗೆ ಸಿಕ್ಕಿ ಹಿಂದೆ ಸರಿದರು. ಕ್ಲಿಂಟನ್ 1996ರ ಜನವರಿಯಲ್ಲಿ ಸೂಚಿಸಿದ ರಿಚರ್ಡ್ ಪಾಯೆಜ್ ಅನುಮೋದನೆಗಾಗಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ, 2000ದ ಮಾರ್ಚ್‌ವರೆಗೆ ಕಾದರು. ಮುಂದೆ ಡೆಮಾಕ್ರಟರ ಸರದಿ. ಹೊಂಡುರಾಸ್‌ನಲ್ಲಿ ಹುಟ್ಟಿ ವಲಸೆ ಬಂದು ಹೆಸರಾಂತ ವಕೀಲರಾದ ಮಿಗೆಲ್ ಎಸ್ಟ್ರಾಡಾ ಅವರಿಗೆ ಬಹುಮತ ಇದ್ದರೂ ಚರ್ಚೆ ಮುಗಿಸುವ ನಿರ್ಣಯವನ್ನು 2003ರಲ್ಲಿ ಏಳು ಸಲ ಸೋಲಿಸಿದರು. ಅವರು ಬೇಸತ್ತು ಹೆಸರು ಹಿಂತೆಗೆದುಕೊಂಡರು. ಇವೆಲ್ಲದರ ನಡುವೆ ನನಗೆ ಗೌರವ ಹುಟ್ಟಿಸುವ ದನಿ ಒಂದಿದೆ. ರೇಗನ್ ಅವರಿಂದ ಮುಖ್ಯ ನ್ಯಾಯಮೂರ್ತಿಯಾದ ವಿಲಿಯಂ ರೆನ್‌ಕ್ವಿಸ್ಟ್, ತನ್ನದೇ ವಿಚಾರಧಾರೆಯ ರಿಪಬ್ಲಿಕನ್ ಸೆನೆಟ್ ಕ್ಲಿಂಟನ್ನರ ಹೆಸರುಗಳನ್ನು ತಡೆಹಿಡಿದಿದ್ದಾಗ, 1997ರ ವಾರ್ಷಿಕ ವರದಿಯಲ್ಲಿ ನೇರವಾಗಿ ಬರೆದರು. ಯಾರನ್ನೂ ಒಪ್ಪಲೇಬೇಕೆಂಬ ಬಾಧ್ಯತೆ ಸೆನೆಟ್‌ಗೆ ಇಲ್ಲ, ಆದರೆ ವಿಚಾರಿಸಲು ಬೇಕಾದಷ್ಟು ಸಮಯ ತೆಗೆದುಕೊಂಡ ಮೇಲೆ ಹೌದೋ ಅಲ್ಲವೋ ಮತ ಹಾಕಿಬಿಡಬೇಕು ಎಂಬುದು ಅವರ ಮಾತಿನ ಸಾರ. ಆಗ ಫೆಡರಲ್ ಹುದ್ದೆಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಖಾಲಿ ಇತ್ತು. ಹದಿಮೂರು ವರ್ಷದ ನಂತರ ಅದೇ ಕುರ್ಚಿಯಿಂದ ರಾಬರ್ಟ್ಸ್ ಕೂಡ ಬರೆದರು: ಅಧಿಕಾರ ಕೈ ಬದಲಾದ ಕೂಡಲೇ ಎರಡೂ ಪಕ್ಷಗಳು ತಡೆಯನ್ನು ಹಳಿಯುವುದನ್ನು ಬಿಟ್ಟು ಸಮರ್ಥಿಸಲು ತೊಡಗುತ್ತವೆ.

2013ರಲ್ಲಿ ಕಟ್ಟೆ ಒಡೆಯಿತು. ಡಿ.ಸಿ. ಸರ್ಕಿಟ್‌ನ ಮೂರು ಖಾಲಿ ಸ್ಥಾನಗಳಿಗೆ ಒಬಾಮಾ ಸೂಚಿಸಿದ ಮೂವರನ್ನೂ ರಿಪಬ್ಲಿಕನ್ನರು ಸಾಲಾಗಿ ತಡೆದರು. ಆ ನ್ಯಾಯಾಲಯಕ್ಕೆ ಕೆಲಸ ಕಡಿಮೆ, ಹನ್ನೊಂದು ನ್ಯಾಯಮೂರ್ತಿಗಳ ಅಗತ್ಯವೇ ಇಲ್ಲ ಎಂಬುದು ಅವರ ವಾದ. ನವೆಂಬರ್ 21ರಂದು ಡೆಮಾಕ್ರಟ್ ನಾಯಕ ಹ್ಯಾರಿ ರೀಡ್ 52–48 ಮತಗಳಿಂದ ನಿಯಮದ ಅರ್ಥವನ್ನೇ ಬದಲಿಸಿದರು. ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನ್ಯಾಯಾಲಯಗಳಿಗೆ ಸರಳ ಬಹುಮತ ಸಾಕು ಎಂದಾಯಿತು. ‘ನ್ಯೂಕ್ಲಿಯರ್ ಆಪ್ಷನ್’ ಎಂದು ಎರಡೂ ಕಡೆಯವರು ಹೆದರಿಸುತ್ತಾ ಬಂದದ್ದು ಇದನ್ನೇ. ಸುಪ್ರೀಂ ಕೋರ್ಟಿಗೂ ಅದೇ ನಿಯಮವನ್ನು 2017ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ನರು ತಂದರು. 2019ರಲ್ಲಿ ಜಿಲ್ಲಾ ನ್ಯಾಯಾಧೀಶರ ಮಟ್ಟಿಗೆ ಮೂವತ್ತು ಗಂಟೆಯನ್ನು ಎರಡಕ್ಕೆ ಇಳಿಸಿದರು.

ಹಾಗಾದರೆ ತಡೆ ನಿಂತಿತೇ? ನಿಲ್ಲಲಿಲ್ಲ, ಸ್ಥಳ ಬದಲಿಸಿತು. ಅಧ್ಯಕ್ಷ ಮತ್ತು ಸೆನೆಟ್ ಒಂದೇ ಪಕ್ಷದವರಾದರೆ ಹೆಸರುಗಳು ಸಲೀಸಾಗಿ ದಾಟುತ್ತವೆ. ಬೇರೆ ಬೇರೆಯಾದರೆ ಬಾಗಿಲೇ ತೆರೆಯುವುದಿಲ್ಲ. 2016ರ ಫೆಬ್ರುವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಅದೇ ದಿನ ಬಹುಮತದ ನಾಯಕ ಮಿಚ್ ಮೆಕಾನಲ್ ಆ ಸ್ಥಾನವನ್ನು ಮುಂದಿನ ಅಧ್ಯಕ್ಷರೇ ತುಂಬಲಿ ಎಂದುಬಿಟ್ಟರು. ಒಬಾಮಾ ಯಾರ ಹೆಸರು ಕೊಡುತ್ತಾರೆಂದು ಅಷ್ಟರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಮಿತಿಯ ರಿಪಬ್ಲಿಕನ್ ಸದಸ್ಯರೆಲ್ಲ ವಿಚಾರಣೆಯನ್ನೇ ನಡೆಸುವುದಿಲ್ಲವೆಂದು ಸಹಿ ಹಾಕಿದರು. ಒಬಾಮಾ ಸೂಚಿಸಿದ, ಎರಡೂ ಪಕ್ಷಗಳಲ್ಲಿ ಮೆಚ್ಚಿಗೆ ಪಡೆದಿದ್ದ ಮೆರಿಕ್ ಗಾರ್ಲೆಂಡ್ 293 ದಿನ ಕಾದು ಹೆಸರು ಕಳೆದುಕೊಂಡರು. ಚುನಾವಣೆಯ ವರ್ಷದಲ್ಲಿ ತೀರ್ಮಾನ ಮತದಾರರದು ಎಂಬ ತತ್ವವನ್ನು ಅಂದು ಮುಂದಿಟ್ಟವರು, 2020ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡಾಗ ಏಮಿ ಕೋನಿ ಬ್ಯಾರೆಟ್ ಅವರನ್ನು ಚುನಾವಣೆಗೆ ಎಂಟು ದಿನ ಇರುವಾಗ ಅನುಮೋದಿಸಿದರು. ಎರಡೂ ಕಡೆ ತಪ್ಪಿದೆ ಎಂದು ಮೇಲೆ ಹೇಳಿದ್ದೇನೆ, ಆದರೆ ತಪ್ಪುಗಳೆಲ್ಲ ಸಮ ತೂಕದವು ಎಂದು ಹೇಳಲಾರೆ. ಗಾರ್ಲೆಂಡ್ ಅವರಿಗೆ ಒಂದು ವಿಚಾರಣೆಯನ್ನೂ ನಿರಾಕರಿಸಿದ್ದು ಈ ಪಟ್ಟಿಯಲ್ಲೇ ಅತ್ಯಂತ ಭಾರದ್ದು.

ಇದರಲ್ಲಿ ಆದ್ಯತೆಯ ಪ್ರಶ್ನೆಯೂ ಇದೆ. ಒಬಾಮಾ ಮೊದಲ ಎರಡು ವರ್ಷ ಆರ್ಥಿಕ ಕುಸಿತ ಮತ್ತು ಆರೋಗ್ಯ ವಿಮೆಯಲ್ಲಿ ಮುಳುಗಿದ್ದರು, ಹೆಸರುಗಳನ್ನು ಕಳಿಸುವುದರಲ್ಲೇ ನಿಧಾನ ಮಾಡಿದರು. ತಮ್ಮ ಪಕ್ಷಕ್ಕೆ ಸೆನೆಟ್‌ನಲ್ಲಿ ದೊಡ್ಡ ಬಲವಿದ್ದ ಆ ಕಾಲ ಹಾಗೇ ಕಳೆಯಿತು. ಅವರ ಕೊನೆಯ ಎರಡು ವರ್ಷದಲ್ಲಿ ರಿಪಬ್ಲಿಕನ್ ಸೆನೆಟ್ ಒಪ್ಪಿದ್ದು 22 ಜನರನ್ನು ಮಾತ್ರ. ಹಾಗಾಗಿ ಟ್ರಂಪ್ ಅಧಿಕಾರಕ್ಕೆ ಬಂದಾಗ ನೂರಕ್ಕೂ ಹೆಚ್ಚು ಖಾಲಿ ಸ್ಥಾನಗಳು ಸಿದ್ಧವಾಗಿದ್ದವು. ಮೆಕಾನಲ್ ಬೇರೆ ಮಸೂದೆಗಳನ್ನು ಬದಿಗಿಟ್ಟು ನ್ಯಾಯಮೂರ್ತಿಗಳಿಗೆ ಸದನದ ಸಮಯ ಕೊಟ್ಟರು. ನಾಲ್ಕು ವರ್ಷದಲ್ಲಿ 234 ನೇಮಕ. ಪೆಟ್ಟು ತಿಂದು ಕಲಿತ ಡೆಮಾಕ್ರಟರು ಜೋ ಬೈಡನ್ ಕಾಲದಲ್ಲಿ 235 ಮಾಡಿದರು. ಹಾಗಿದ್ದೂ ಮೂರನೇ ಸರ್ಕಿಟ್ ಮೇಲ್ಮನವಿ ಪೀಠಕ್ಕೆ ಬೈಡನ್ ಸೂಚಿಸಿದ ಅದೀಲ್ ಮಂಗಿ ಮತದಾನದವರೆಗೆ ಬರಲಿಲ್ಲ. ಬಂದು ಗೆದ್ದಿದ್ದರೆ ಅಮೆರಿಕದ ಮೇಲ್ಮನವಿ ಪೀಠದಲ್ಲಿ ಕೂರುವ ಮೊದಲ ಮುಸ್ಲಿಂ ನ್ಯಾಯಮೂರ್ತಿ ಅವರಾಗುತ್ತಿದ್ದರು. ಸಮಿತಿಯಲ್ಲಿ ರಿಪಬ್ಲಿಕನ್ನರು ಅವರಿಗೆ ಭಯೋತ್ಪಾದನೆಯ ಬಗ್ಗೆ ಪ್ರಶ್ನೆ ಕೇಳಿದರು, ಅವರ ಪರ ನಿಲ್ಲಬೇಕಿದ್ದ ಪಕ್ಷದಲ್ಲೂ ಕೆಲವರು ಹಿಂದೆ ಸರಿದರು. ಖಾಲಿ ಉಳಿದ ಆ ಸ್ಥಾನಕ್ಕೆ 2025ರ ಜುಲೈನಲ್ಲಿ ಟ್ರಂಪ್ ಅವರ ಮಾಜಿ ವಕೀಲ ಎಮಿಲ್ ಬೋವ್ 50–49ರಿಂದ ಬಂದರು.

ಇಷ್ಟು ಹೊತ್ತು ಗೆದ್ದವರು, ಸೋತವರ ಮಾತಾಯಿತು. ಕಕ್ಷಿದಾರರ ಮಾತು ಬೇರೆ. 2011ರ ಜನವರಿ 8ರಂದು ಅರಿಜೋನಾದ ಟೂಸಾನ್‌ನಲ್ಲಿ ಸಂಸದೆ ಗೇಬ್ರಿಯೆಲ್ ಗಿಫರ್ಡ್ಸ್ ಅವರ ಸಭೆಯ ಮೇಲೆ ಗುಂಡಿನ ದಾಳಿ ನಡೆಯಿತು. ಸತ್ತವರಲ್ಲಿ ಆ ಜಿಲ್ಲೆಯ ಮುಖ್ಯ ಫೆಡರಲ್ ನ್ಯಾಯಾಧೀಶ ಜಾನ್ ರೋಲ್ ಒಬ್ಬರು. ಮೊಕದ್ದಮೆಗಳ ಹೊರೆ ತಾಳಲಾಗದೆ ತಮ್ಮ ಜಿಲ್ಲೆಗೆ ತುರ್ತುಸ್ಥಿತಿ ಘೋಷಿಸಬೇಕೆಂದು ಅವರು ಕೇಳಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದೇ ತಿಂಗಳು ಘೋಷಣೆ ಬಂತು. ಕ್ರಿಮಿನಲ್ ವಿಚಾರಣೆ 70 ದಿನದೊಳಗೆ ಶುರುವಾಗಬೇಕೆಂಬ ಕಾನೂನಿನ ಗಡುವನ್ನು 180 ದಿನಕ್ಕೆ ಏರಿಸಲಾಯಿತು. ಅಂದರೆ ಇನ್ನೂ ಅಪರಾಧ ಸಾಬೀತಾಗದ ಮನುಷ್ಯ ಜೈಲಿನಲ್ಲಿ ಮತ್ತೂ ಮೂರೂವರೆ ತಿಂಗಳು ಕಾಯಬೇಕಾದೀತು.

ಕ್ಯಾಲಿಫೋರ್ನಿಯಾದ ಪೂರ್ವ ಜಿಲ್ಲೆಯ ಕಥೆ ಇನ್ನೂ ಕಷ್ಟದ್ದು. ಸ್ಯಾಕ್ರಮೆಂಟೊ, ಫ್ರೆಸ್ನೊಗಳನ್ನು ಒಳಗೊಂಡ ಈ ಜಿಲ್ಲೆಗೆ 1978ರಲ್ಲಿ ಆರು ನ್ಯಾಯಾಧೀಶರ ಸ್ಥಾನ ಕೊಟ್ಟರು. ಜನಸಂಖ್ಯೆ ಎಂಬತ್ತು ಲಕ್ಷ ಮುಟ್ಟಿದಾಗಲೂ ಸ್ಥಾನ ಆರೇ. 2020ರ ಆರಂಭದಲ್ಲಿ ಆರರಲ್ಲಿ ಎರಡು ಖಾಲಿ ಇದ್ದವು. ಫ್ರೆಸ್ನೊದಲ್ಲಿ ಒಬ್ಬರೇ ಉಳಿದ ನ್ಯಾಯಾಧೀಶ ಡೇಲ್ ಡ್ರೋಜ್ಡ್ ಫೆಬ್ರುವರಿಯಲ್ಲಿ ಒಂದು ಆದೇಶ ಹೊರಡಿಸಿ, ಸಿವಿಲ್ ಅರ್ಜಿಗಳನ್ನು ಇನ್ನು ಮುಂದೆ ಕಾಗದದ ಮೇಲೆಯೇ ತೀರ್ಮಾನಿಸುತ್ತೇನೆ, ಸಿವಿಲ್ ಮೊಕದ್ದಮೆಗಳ ವಿಚಾರಣೆಗೆ ದಿನಾಂಕ ಕೊಡಲು ಆಗುವುದಿಲ್ಲ ಎಂದು ತಿಳಿಸಿದರು. ಕೆಲಸದ ಜಾಗದಲ್ಲಿ ಕೈ ಮುರಿದುಕೊಂಡವರು, ಸಂಬಳ ಬಾಕಿ ಕೇಳಿ ಬಂದವರು, ಜೈಲಿನಲ್ಲಿ ಹಿಂಸೆಯಾಯಿತೆಂದು ದೂರಿದವರು ಎಲ್ಲರಿಗೂ ಒಂದೇ ಉತ್ತರ. ಫ್ರೆಸ್ನೊದ ಆ ಖಾಲಿ ಸ್ಥಾನ ತುಂಬಿದ್ದು 2021ರ ಡಿಸೆಂಬರ್‌ನಲ್ಲಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ಇದು ದೂರದ ಮಾತಲ್ಲ. ಗ್ರೀನ್ ಕಾರ್ಡಿನ ಅಥವಾ ಪೌರತ್ವದ ಅರ್ಜಿ ವರ್ಷಗಟ್ಟಲೆ ಕೊಳೆಯುತ್ತಾ ಬಿದ್ದರೆ, ವಲಸೆ ಇಲಾಖೆ ಉತ್ತರ ಕೊಡುವಂತೆ ಆದೇಶಿಸಿ ಎಂದು ಮೊರೆ ಹೋಗುವುದು ಇದೇ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ.

ನ್ಯಾಯಾಧೀಶರು ಸಾಲದು ಎಂಬುದರಲ್ಲಿ ಎರಡು ಪಕ್ಷಗಳಿಗೂ ಭಿನ್ನಮತವಿಲ್ಲ. 1990ರ ನಂತರ ಹುದ್ದೆಗಳನ್ನು ದೊಡ್ಡ ಪ್ರಮಾಣದಲ್ಲಿ ಹೆಚ್ಚಿಸಿಲ್ಲ. 2024ರ ಆಗಸ್ಟ್‌ನಲ್ಲಿ ಸೆನೆಟ್ 66 ಹೊಸ ಹುದ್ದೆಗಳ ಮಸೂದೆಯನ್ನು ಸರ್ವಾನುಮತದಿಂದ ಒಪ್ಪಿತು. ಜಾಣತನದ ಮಸೂದೆ ಅದು. ಹುದ್ದೆಗಳು ಹತ್ತು ವರ್ಷಗಳಲ್ಲಿ ಕಂತುಕಂತಾಗಿ ಬರುತ್ತವೆ, ಮೊದಲ ಕಂತನ್ನು ತುಂಬುವ ಅಧ್ಯಕ್ಷ ಯಾರೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲೇ ಕೆಳಮನೆಯೂ ಒಪ್ಪಿದ್ದರೆ ಕೆಲಸ ಮುಗಿಯುತ್ತಿತ್ತು. ರಿಪಬ್ಲಿಕನ್ನರ ಕೈಯಲ್ಲಿದ್ದ ಕೆಳಮನೆ ಅದನ್ನು ನವೆಂಬರ್ ಚುನಾವಣೆ ಮುಗಿಯುವವರೆಗೆ ಮುಟ್ಟಲಿಲ್ಲ. ಟ್ರಂಪ್ ಗೆದ್ದ ಮೇಲೆ ಡಿಸೆಂಬರ್ 12ರಂದು ಅಂಗೀಕರಿಸಿತು. ಈ ನಡೆಗೆ ಸಿಟ್ಟಾದ ಬೈಡನ್ ಡಿಸೆಂಬರ್ 23ರಂದು ವೀಟೊ ಹಾಕಿದರು. ಪೂರ್ವ ಕ್ಯಾಲಿಫೋರ್ನಿಯಾಕ್ಕೂ ಅದರಲ್ಲಿ ಪಾಲಿತ್ತು. ಕೆಳಮನೆಯ ಕಾದು ನೋಡುವ ಆಟವೂ ತಪ್ಪು, ಅದಕ್ಕೆ ಪ್ರತಿಯಾಗಿ ಬಂದ ವೀಟೊವೂ ತಪ್ಪು. ಫ್ರೆಸ್ನೊದಲ್ಲಿ ವಾಯಿದೆಗಾಗಿ ಕಾದವರು ಆ ಲೆಕ್ಕಾಚಾರದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ನಮ್ಮಲ್ಲಿ ಸಂಸತ್ತು ನ್ಯಾಯಮೂರ್ತಿಗಳಿಗೆ ಮತ ಹಾಕುವುದಿಲ್ಲ. ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಕಳಿಸುತ್ತದೆ, ಕೇಂದ್ರ ಸರ್ಕಾರ ಕಡತದ ಮೇಲೆ ಕೂರುತ್ತದೆ. ವ್ಯವಸ್ಥೆ ಬೇರೆಯಾದರೂ ಮೌನದ ಅಸ್ತ್ರ ಅದೇ. ಕೊಲಿಜಿಯಂ ಮರಳಿ ಕಳಿಸಿದ ಹೆಸರನ್ನು ಮೂರು ನಾಲ್ಕು ವಾರದಲ್ಲಿ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದು ಪಾಲನೆಯಾಗದ್ದನ್ನು ಪ್ರಶ್ನಿಸಿ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ್ದು ಬೆಂಗಳೂರು ವಕೀಲರ ಸಂಘ. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪೀಠ ಅದನ್ನು ಹಲವು ಸಲ ಕೇಳಿತು, ಸರ್ಕಾರಕ್ಕೆ ಖಾರವಾಗಿಯೇ ಹೇಳಿತು. 2023ರ ಡಿಸೆಂಬರ್‌ನಲ್ಲಿ ಆ ಪ್ರಕರಣ ದಿನದ ಪಟ್ಟಿಯಿಂದ ಇದ್ದಕ್ಕಿದ್ದಂತೆ ಬಿಟ್ಟುಹೋಯಿತು, ಅದೇ ತಿಂಗಳು ಕೌಲ್ ನಿವೃತ್ತರಾದರು.

ಅಮೆರಿಕದಲ್ಲಿ ಪರಿಹಾರ ಯಾರಿಗೂ ಹೊಳೆದಿಲ್ಲ ಎಂದೇನಿಲ್ಲ. 2002ರ ಅಕ್ಟೋಬರ್‌ನಲ್ಲಿ ರಿಪಬ್ಲಿಕನ್ ಬುಷ್ ಒಂದು ಸೂತ್ರ ಮುಂದಿಟ್ಟರು: ಹೆಸರು ಬಂದ 90 ದಿನದೊಳಗೆ ಸಮಿತಿಯ ವಿಚಾರಣೆ, 180 ದಿನದೊಳಗೆ ಪೂರ್ಣ ಸದನದ ಮತದಾನ. 2012ರ ಜನವರಿಯಲ್ಲಿ ಡೆಮಾಕ್ರಟ್ ಒಬಾಮಾ ಸಂಸತ್ತಿನ ಜಂಟಿ ಅಧಿವೇಶನದ ಎದುರು ನಿಂತು 90 ದಿನದೊಳಗೆ ಹೌದೋ ಅಲ್ಲವೋ ಮತ ಹಾಕಿ ಎಂದು ಕೇಳಿದರು. ವಿರುದ್ಧ ಪಕ್ಷಗಳ ಇಬ್ಬರು ಅಧ್ಯಕ್ಷರು ಹತ್ತು ವರ್ಷದ ಅಂತರದಲ್ಲಿ ಹೆಚ್ಚುಕಡಿಮೆ ಒಂದನ್ನೇ ಬೇಡಿದರೂ ಸೆನೆಟ್ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರತಿ ಸಲವೂ ವಿರೋಧ ಪಕ್ಷಕ್ಕೆ ಅದು ಆಗಿನ ಅಧ್ಯಕ್ಷರಿಗೆ ಕೊಡುವ ಉಡುಗೊರೆಯಾಗಿ ಕಂಡಿತು. ಹಾಗಾದರೆ ಇಂಥ ಗಡುವನ್ನು ಈಗ ಬರೆದು, 2029ರ ಜನವರಿ 20ರಿಂದ ಜಾರಿಗೆ ಬರುವಂತೆ ಮಾಡಬಹುದು. ಅಂದು ಪ್ರಮಾಣವಚನ ಸ್ವೀಕರಿಸುವವರು ಯಾರೆಂದು ಇವತ್ತು ಯಾರಿಗೂ ಗೊತ್ತಿಲ್ಲ. ಸಂವಿಧಾನಕ್ಕೆ ತಿದ್ದುಪಡಿ ಬೇಕಿಲ್ಲ, ಅಧ್ಯಕ್ಷರ ಸಹಿಯೂ ಬೇಕಿಲ್ಲ. ಸೆನೆಟ್ ತನ್ನ ನಡಾವಳಿಯನ್ನು ತಾನೇ ಬದಲಿಸಿಕೊಳ್ಳಬಲ್ಲದು. ತನ್ನ ಅನುಕೂಲಕ್ಕೆ ಬೇಕೆನಿಸಿದಾಗ, 2013ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ, ಅದು ಒಂದೇ ದಿನದಲ್ಲಿ ಆ ಕೆಲಸ ಮುಗಿಸಿದೆ.